ಕಾಲು ತೋರಿಸ್ರೀ ಸ್ವಾಮಿ!

ಶನಿವಾರ ರಾತ್ರಿ ಅಂದ್ರೆ ನಮ್ಮ ಹಾಸನದ ಮನೇಲಿ ಎಲ್ಲರೂ ಡ್ಯಾನ್ಸ್ ಶೋ ಮುಂದೆ ಹಾಜರ್. ಆದ್ರೆ ನೋಡೋದಾದ್ರೂ ಏನನ್ನ? ಭರತನಾಟ್ಯದ ಹುಡುಗಿ ಮಂಡಿ ಹೊರಕ್ಕೆ ಬಗ್ಗಿಸಿ ಅರಮಂಡಿಯಲ್ಲಿ ಅರ್ಧ ಕೂತು ತಟ್ಟಡವು, ಅಂದ್ರೆ ಅಂಗಾಲು ತಟ್ಟೋ ಅಡವು (ಹೆಜ್ಜೆ), ಶುರು ಮಾಡಿರ್ತಾಳೆ, ಅಷ್ಟರಲ್ಲಿ ಕ್ಯಾಮೆರಾ ಹೋಗಿ ಜಡ್ಜ್ ಬಾಯಿ ತೆರೆದಿದ್ದನ್ನ ತೋರಿಸುತ್ತೆ. ವಾಪಸ್ ಬಂದ್ರೆ ಸೊಂಟದಿಂದ ಮೇಲೆ ಮಾತ್ರ. ಆಮೇಲೆ ಅವರಮ್ಮನ ಕಣ್ಣೀರು, ಸ್ಲೋ ಮೋಷನ್, ಹೊಗೆ. ಅಡವು ನಿಂತಿರೋದೇ ಪಾದದ ಮೇಲೆ ಕಣ್ರೀ! ಅಂಗಾಲು ಪೂರ್ತಿ ನೆಲಕ್ಕೆ ತಟ್ಟಿದಳಾ, ಸುಮ್ನೆ ಒರೆಸಿ ಬಿಟ್ಟಳಾ ಅನ್ನೋದೇ ಕಾಣದೆ ಮಾರ್ಕ್ಸ್ ಬಗ್ಗೆ ಜಗಳ ಆಡೋದು ಹೇಗೆ?

ನಮ್ಮ ಚಿಕ್ಕಮ್ಮಂಗೆ ಈ ಚಿಂತೆ ಇಲ್ಲ. "ಮಂಡಿಗೆ ಕೂತ್ರೂ ಡ್ರೆಸ್ಸಿನ ಮುಂದಿನ ಬೀಸಣಿಗೆ ಅರಳ್ತಿಲ್ಲ ನೋಡೇ, ಮಡಿಕೆ ಹೊಲಿದಿರೋದೇ ತಪ್ಪು, ಆರು ಮಾರ್ಕ್ಸ್ ಸಾಕು" ಅಂತ ತೀರ್ಪು ಕೊಟ್ಟೇಬಿಟ್ರು. (ಹೊಲಿಗೆ ವಿಷಯದಲ್ಲಿ ಅವರ ಮಾತು ತೆಗೆದುಹಾಕೋ ಹಾಗಿಲ್ಲ. ಎದ್ದಾಗ ಮಡಚಿಕೊಂಡು, ಕೂತಾಗ ಬಿಚ್ಚಿಕೊಳ್ಳಬೇಕು ಅದು.)

ಆ ಎಡಿಟರ್ ಮಹಾಶಯರನ್ನ ಒಂದ್ಸಲ ಬೇಲೂರಿಗೆ ಕರ್ಕೊಂಡು ಬರ್ಬೇಕು. 1117ರ ಚೆನ್ನಕೇಶವನ ಗುಡಿಯ ಮದನಿಕೆಯರನ್ನ ಕತ್ತೆತ್ತಿ ನೋಡ್ಲಿ. ಅಷ್ಟೆತ್ತರದಲ್ಲಿ ಕೂರಿಸೋ ಶಿಲ್ಪಕ್ಕೂ ಪಾದ ಬಿಡದೆ ಕೆತ್ತಿದ್ದಾರೆ.

ವೋಟಿಂಗ್ ವಿಷಯ ಬೇಡ, ಬಿಪಿ ಏರುತ್ತೆ. ಈ ವಾರ ಮನೆಗೆ ಹೋದವಳ ತಟ್ಟು ಸರಿಯಿತ್ತೋ ಇಲ್ವೋ ನಂಗಿನ್ನೂ ಗೊತ್ತಿಲ್ಲ. ಜಡ್ಜ್ ಮೇಡಂ ಜುಮುಕಿಯ ಡಿಸೈನ್ ಮಾತ್ರ ಬಾಯಿಪಾಠ ಆಗಿದೆ.