ಫ್ಯೂಜಿಯ 90 ಮಿ.ಮೀ. ಲೆನ್ಸ್ ಟೆಲಿಫೋಟೋ ಅಲ್ಲ

‘ಫ್ಯೂಜಿ ಜಿಡಬ್ಲ್ಯೂ690ರಲ್ಲಿ 90 ಮಿ.ಮೀ. ಲೆನ್ಸ್ ಇದೆ, ಹಾಗಾಗಿ ಅದು ಮುಖಚಿತ್ರದ (ಪೋರ್ಟ್ರೇಟ್) ಕ್ಯಾಮೆರಾ. ಮಮಿಯಾ 7 ಕ್ಯಾಮೆರಾದ 80 ಮಿ.ಮೀ. ಲೆನ್ಸಿನ ನೋಟ ಅದಕ್ಕಿಂತ ಅಗಲ’ ಎಂಬ ಮಾತು ಫಿಲ್ಮ್ ಛಾಯಾಗ್ರಾಹಕರ ನಡುವೆ ಓಡಾಡುತ್ತಿದೆ. ಇದು ತಪ್ಪು. ಇದನ್ನೇ ನಂಬಿ ದುಬಾರಿ ಕ್ಯಾಮೆರಾ ಕೊಳ್ಳುವವರಿದ್ದಾರೆ ಎಂಬುದೇ ನನ್ನ ಚಿಂತೆ.

ನೋಟ ಎಷ್ಟು ಅಗಲ ಎಂಬುದನ್ನು ಲೆನ್ಸ್ ಒಂದೇ ನಿರ್ಧರಿಸುವುದಿಲ್ಲ, ಫಿಲ್ಮಿನ ಚೌಕಟ್ಟೂ ಸೇರಬೇಕು. ಫ್ಯೂಜಿಯ ಚೌಕಟ್ಟು 6x9 ಸೆಂ.ಮೀ., ಮಮಿಯಾ 7ರದ್ದು 6x7. ಕರ್ಣದ ಲೆಕ್ಕ ಹಾಕಿದರೆ ಎರಡೂ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಸುಮಾರು 39 ಮಿ.ಮೀ. ಲೆನ್ಸಿಗೆ ಸಮ; ಅಂದರೆ ತುಸು ಅಗಲ ನೋಟದ ಲೆನ್ಸ್, ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೋ ಅಲ್ಲ. 6x6ರ ಮಮಿಯಾ 6ರ 75 ಮಿ.ಮೀ. ಕೂಡ ಸುಮಾರು 41ಕ್ಕೆ ಬರುತ್ತದೆ. ಮೂರರ ನೋಟವೂ ಹೆಚ್ಚುಕಡಿಮೆ ಒಂದೇ!

ಹಿನ್ನೆಲೆ ಮಸುಕಾಗಿಸುವುದರಲ್ಲಿ ಮಾತ್ರ ಫ್ಯೂಜಿ ಮುಂದು: ಅದರ ಲೆನ್ಸಿನ ಕಿಂಡಿ ಎಫ್/3.5ರಷ್ಟು ತೆರೆಯುತ್ತದೆ, ಮಮಿಯಾ 7ರ 80 ಮಿ.ಮೀ.ನದ್ದು ಎಫ್/4ರಷ್ಟೇ (ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಆದರೆ ಮುಖದ ಹತ್ತಿರ ಹೋಗುವ ಆಸೆ ಬೇಡ; ಎರಡೂ ಸುಮಾರು ಒಂದು ಮೀಟರ್‌ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ.

ನಿಜವಾದ ವ್ಯತ್ಯಾಸ ಬೇರೆಡೆ ಇದೆ. ಫ್ಯೂಜಿಯ ಲೆನ್ಸ್ ಬಿಚ್ಚಲು ಬರುವುದಿಲ್ಲ, ಲೈಟ್ ಮೀಟರ್ ಇಲ್ಲ, ಬ್ಯಾಟರಿಯೂ ಬೇಡ. ‘120’ ಎಂಬ ಅಳತೆಯ ಒಂದು ಫಿಲ್ಮ್ ರೋಲಿಗೆ ಎಂಟೇ ಚಿತ್ರ. 1995ರಲ್ಲಿ ಬಂದ ಮಮಿಯಾ 7ಕ್ಕೆ ಹತ್ತು ಚಿತ್ರ, 43ರಿಂದ 210 ಮಿ.ಮೀ.ವರೆಗೆ ಬದಲಿಸಬಹುದಾದ ಲೆನ್ಸ್‌ಗಳು. ಆದರೆ ಬ್ಯಾಟರಿ ಮುಗಿದರೆ ಅದರ ಶಟರ್ ನಡೆಯದು. ಮುಖಚಿತ್ರವೇ ಮುಖ್ಯವಾದವರು ಮಮಿಯಾ 7ರ 150 ಮಿ.ಮೀ. ಲೆನ್ಸ್ ನೋಡಲಿ. ಮಮಿಯಾ 6ರ ಲೆನ್ಸ್‌ಗಳು 7ಕ್ಕೆ ಹೊಂದುವುದಿಲ್ಲ, ಅದನ್ನೂ ಗಮನಿಸಿ.