ಮುಂದಿನ ಒಂಬತ್ತು ಗಂಟೆ ಯಾವಾಗ?

ಇವತ್ತು ಬೆಳಗ್ಗೆ ನನ್ನ ಫೋನ್ ಗುರ್ ಗುರ್ ಅಂತ ನಡುಗುತ್ತಾ ಮೇಜಿನ ಅಂಚಿನವರೆಗೆ ತೆವಳಿ ಕೆಳಗೆ ಬಿತ್ತು. ನಾನೇ ಬರೆದ ಕೋಡಿನ ಕೃಪೆ.

ಕೆಲಸ ಇಷ್ಟೇ. ದಿನಾ 9:00ಕ್ಕೆ ‘ಮಾತ್ರೆ ನುಂಗು’ ಅಂತ ನೆನಪಿಸಬೇಕು. 9:00 ದಾಟಿಲ್ಲವಾದರೆ ಇವತ್ತು, ದಾಟಿದ್ದರೆ ನಾಳೆ. ಅಲ್ಲಿವರೆಗೆ ಮಲಗು, ಎದ್ದು ನೆನಪಿಸು, ಮತ್ತೆ ಲೆಕ್ಕ ಹಾಕು. ಮೂರು ಸಾಲು ಸಾಕಲ್ವಾ?

ಪಕ್ಕದಲ್ಲಿ ಕೂರುವ ಗೆಳೆಯನಿಗೆ ಒಂದು ಚಟ. ಯಾರ ಕೋಡ್ ನೋಡಿದರೂ ಕನ್ನಡಕ ಮೇಲೇರಿಸಿ, “ಸರಿಯಾಗಿ ಅಷ್ಟೇ ಆಗಿದ್ದರೆ?” ಅನ್ನುತ್ತಾನೆ. ‘18 ದಾಟಿದವರಿಗೆ ಮಾತ್ರ’ ಅಂತ ಬೋರ್ಡ್ ಕಂಡರೆ, ಇವತ್ತೇ 18 ತುಂಬಿದವನ ಗತಿ ಏನು ಅಂತ ಬಾಗಿಲಲ್ಲೇ ನಿಲ್ಲುತ್ತಾನೆ. ನಿನ್ನೆ ನನ್ನನ್ನೂ ಕೇಳಿದ. “ಸರಿಯಾಗಿ ಒಂಬತ್ತಾಗಿದ್ದರೆ?” ಒಂದು ಕ್ಷಣದ ಮಾತು ಬಿಡೋ ಅಂದೆ.

ಒಂದು ಕ್ಷಣ ಅಲ್ಲ, ಅರವತ್ತು ಸೆಕೆಂಡ್. ಸೆಕೆಂಡ್ ಯಾಕೆ ಅಂತ ಬರೀ ಗಂಟೆ, ನಿಮಿಷ ಹೋಲಿಸಿದ್ದೆ. ಕೋಡ್ ಎದ್ದಿತು. ಮಾತ್ರೆ ನುಂಗು. ಮುಂದಿನ ಒಂಬತ್ತು ಯಾವಾಗ? ಗಡಿಯಾರ ನೋಡಿತು, 9:00. ದಾಟಿಲ್ಲ! ಹಾಗಾದರೆ ಇದೀಗಲೇ. ಮಾತ್ರೆ ನುಂಗು. ಮುಂದಿನದು? ಇದೀಗಲೇ. ನುಂಗು. ನುಂಗು. ನುಂಗು. 9:01 ಆದಮೇಲೇ ಅದಕ್ಕೆ ಜ್ಞಾನೋದಯ. ಅಷ್ಟರಲ್ಲಿ ಫೋನ್ ನೆಲದ ಮೇಲೆ.

ಮಿಲಿಸೆಕೆಂಡ್ ಸೇರಿಸಿದೆ, ಸಮ ಆದರೆ ನಾಳೆ ಅಂತ ತಿದ್ದಿದೆ. “ಟೈಮರ್ ಎರಡು ಮಿಲಿಸೆಕೆಂಡ್ ಮುಂಚೆ ಎದ್ದರೆ?” ಅಂದ ಪುಣ್ಯಾತ್ಮ. ಎದ್ದರೆ ಇನ್ನೂ ಒಂಬತ್ತಾಗಿಲ್ಲ, ಹಾಗಾಗಿ ಎರಡು ಸಲ ನುಂಗು. ಗಡಿಯಾರ ನೋಡಬಾರದಂತೆ, ಹೋದ ಸಲದ ಒಂಬತ್ತರಿಂದ ಮುಂದಕ್ಕೆ ಎಣಿಸಬೇಕಂತೆ. ಸರಿ, 24 ಗಂಟೆ ಕೂಡಿಸಿದೆ. ಅದೂ ತಪ್ಪು. ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ, ಚಳಿಗಾಲಕ್ಕೆ ಮತ್ತೆ ಹಿಂದೆ ಮಾಡುವ ದೇಶಗಳಲ್ಲಿ ವರ್ಷಕ್ಕೊಮ್ಮೆ ದಿನಕ್ಕೆ 23 ಗಂಟೆ, ಇನ್ನೊಮ್ಮೆ 25. ನ್ಯೂಯಾರ್ಕ್‌ನಲ್ಲಿ ಮಾರ್ಚಿನ ಎರಡನೇ ಭಾನುವಾರ ಬೆಳಗಿನ ಜಾವ 2:30 ಬರುವುದೇ ಇಲ್ಲ. ನವೆಂಬರಿನ ಮೊದಲ ಭಾನುವಾರ 1:30 ಎರಡು ಸಲ ಬರುತ್ತದೆ. ಪೆಸಿಫಿಕ್ ಸಾಗರದ ದ್ವೀಪದೇಶ ಸಮೋವಾದಲ್ಲಂತೂ 2011ರಲ್ಲಿ ಡಿಸೆಂಬರ್ 30ನ್ನೇ ಹಾರಿಸಿಬಿಟ್ಟರು. ಆ ದಿನದ ಮಾತ್ರೆ ಯಾರು ನುಂಗಬೇಕು?

ಶಾಲೆಯ ದಿನಗಳಲ್ಲಿ ಪರೀಕ್ಷೆ ಅಂದರೆ ರಾತ್ರಿ ಒಂದು ಗಂಟೆಗೆ ಪುಸ್ತಕ ಮುಚ್ಚಿ, “ಅಮ್ಮಾ, ನಾಳೆ ಐದಕ್ಕೆ ಎಬ್ಬಿಸು” ಅನ್ನುತ್ತಿದ್ದೆ. ತಾರೀಖಿನ ಲೆಕ್ಕದಲ್ಲಿ ಅದು ನಾಳೆ ಅಲ್ಲ, ಇವತ್ತೇ. ಅಮ್ಮ ಒಮ್ಮೆಯೂ ಯಾವ ಐದು ಅಂತ ಕೇಳಲಿಲ್ಲ. ನಿದ್ದೆಗಣ್ಣಲ್ಲೇ ಹೂಂ ಅಂದು, ಸರಿಯಾದ ಐದಕ್ಕೇ ಬಂದು ಹೊದಿಕೆ ಎಳೆಯುತ್ತಿದ್ದಳು.

ಗೆಳೆಯನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕನ್ನಡಕ ಮೇಲೇರಿಸಿದ.

“ನೀನು ಸರಿಯಾಗಿ ಐದಕ್ಕೇ ಹಾಗೆ ಹೇಳಿದ್ದರೆ?”

“ಎರಡೇಟು ಬೀಳ್ತಿತ್ತು” ಅಂದೆ.