ಹಿಮದಡಿಯ ವಿಮಾನ ಇಂಧನ ಹಾಕಿದ ಕೂಡಲೇ ಹಾರಿತೇ?

ಐವತ್ತು ವರ್ಷ ಹಿಮದಡಿ ಇದ್ದ ಯುದ್ಧವಿಮಾನವನ್ನು ಮೇಲೆತ್ತಿ ಇಂಧನ ತುಂಬಿಸಿದ ಕೂಡಲೇ ಅದು ಹಾರಿತು ಅನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ವಿಮಾನದ ಕಥೆ ನಿಜ. ‘ಕೂಡಲೇ’ ಅನ್ನೋದು ತಪ್ಪು.

ಅದು ಅಮೆರಿಕದ ಪಿ-38 ಲೈಟ್ನಿಂಗ್. 1942ರ ಜುಲೈ 15ರಂದು ಇದೂ ಸೇರಿ ಬ್ರಿಟನ್ನಿಗೆ ಹೊರಟಿದ್ದ 8 ವಿಮಾನಗಳು ಗ್ರೀನ್‌ಲ್ಯಾಂಡ್‌ನ ಹಿಮದ ಮೇಲೆ ಇಳಿಯಬೇಕಾಯಿತು. ಒಳಗಿದ್ದವರೆಲ್ಲ ಬದುಕಿದರು. ವಿಮಾನಗಳ ಮೇಲೆ ವರ್ಷವರ್ಷವೂ ಹಿಮ ಬಿತ್ತು. 1992ರಲ್ಲಿ ಸುಮಾರು 82 ಮೀಟರ್ ಆಳಕ್ಕೆ ಬಾವಿಯಂತೆ ಹಿಮ ಕರಗಿಸಿ ಇಳಿದರು. ಬಿಸಿನೀರು ಬಿಟ್ಟು ವಿಮಾನದ ಸುತ್ತ ಗುಹೆ ಮಾಡಿಕೊಂಡು, ಬಿಡಿಬಿಡಿಯಾಗಿ ಬಿಚ್ಚಿ ಮೇಲೆ ತಂದರು. ಹಿಮದ ಭಾರಕ್ಕೆ ಅದು ಜಜ್ಜಿಹೋಗಿತ್ತು. ಅಮೆರಿಕದ ಕೆಂಟಕಿಯಲ್ಲಿ ಒಂದೊಂದೇ ಭಾಗ ಸರಿಮಾಡಿ, ಆಗದ್ದನ್ನು ಬದಲಾಯಿಸಿ ಜೋಡಿಸಿದರು. ಹಾರಿದ್ದು 2002ರ ಅಕ್ಟೋಬರ್ 26ರಂದು. ಹತ್ತು ವರ್ಷದ ಆ ದುಡಿಮೆಯೇ ನನಗೆ ಈ ಕಥೆಯಲ್ಲಿ ಜಾಸ್ತಿ ಇಷ್ಟ. ಸಂದೇಶದಲ್ಲಿ ಬಿಟ್ಟುಹೋಗುವುದೂ ಅದೇ.

ನಮ್ಮ ಸ್ಕೂಟರನ್ನೇ ಎರಡು ವರ್ಷ ಸುಮ್ನೆ ನಿಲ್ಲಿಸಿದರೆ ಪೆಟ್ರೋಲ್ ಕೆಟ್ಟು ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ, ರಬ್ಬರ್ ಬಿರಿಯುತ್ತದೆ, ಅಲ್ವಾ? ವಿಮಾನದ ಎಂಜಿನ್ನಿಗೂ ಅಷ್ಟೇ.

ಖುಷಿಯ ಸುದ್ದಿ ಅಂತಲೇ ಜನ ಇದನ್ನು ಹಂಚುತ್ತಾರೆ, ಅದರಲ್ಲಿ ಕೆಟ್ಟ ಉದ್ದೇಶವಿಲ್ಲ. ಮುಂದೆ ಇಂಥದ್ದು ಬಂದಾಗ ಎರಡು ತಾರೀಖು ಹುಡುಕಿ: ಮೇಲೆತ್ತಿದ್ದು ಯಾವಾಗ, ಹಾರಿದ್ದು ಯಾವಾಗ? ಆಮೇಲೆ ಫೋಟೋ ಎಲ್ಲಿಯದು ಅಂತ ಹುಡುಕಲು ಅದನ್ನು ಗೂಗಲ್ ಲೆನ್ಸ್‌ಗೆ ಹಾಕಿ. ವಿಮಾನ ಥಳಥಳ ಹೊಳೆಯುತ್ತಿದ್ದರೆ ಆ ಚಿತ್ರ ಹಿಮದಿಂದ ತೆಗೆದ ದಿನದ್ದಲ್ಲ, ರಿಪೇರಿ ಮುಗಿದ ಮೇಲಿನದು.